ಚಿನ್ನ, ಚೆಂದ ಮತ್ತು ನಮ್ಮ ಬುದ್ಧಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ದಡ್ಡತನ, ಬುದ್ಧಿವಂತಿಕೆ, ಸೌಂದರ್ಯ ಈ ಮೂರರ ಬಗ್ಗೆ ಮಾತಾಡಿ ಎಂದು ನಿಮ್ಮ ಪ್ರತಿನಿಧಿಗಳು ಕೇಳಿದ್ದಾರೆ. ಮೂರೂ ಒಟ್ಟಿಗೆ ಇರುವ ಜಾಗ ಯಾವುದು ಅಂತ ಯೋಚಿಸಿದೆ. ನಮ್ಮ ಮನೆಗಳಲ್ಲಿ ಅದು ಒಡವೆಯ ಡಬ್ಬಿ. ನಗಬೇಡಿ, ನಿಜವಾಗಿ ಹೇಳ್ತಿದ್ದೇನೆ.

ಕೊಡಗಿನ ಗೌರಮ್ಮನವರ ಹೆಸರನ್ನು ಕೆಲವರು ಕೇಳಿರಬಹುದು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಗಂಡ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ಮ್ಯಾನೇಜರ್. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಗೌರಮ್ಮ ಉಪವಾಸ ಕುಳಿತರು. ಗಾಂಧೀಜಿ ಬಂದರು. ಕರಿಮಣಿ, ಓಲೆ, ಮೂಗುತಿ ಇಷ್ಟನ್ನು ಇಟ್ಟುಕೊಂಡು ಉಳಿದ ಒಡವೆಯನ್ನೆಲ್ಲ ಆಕೆ ಹರಿಜನ ನಿಧಿಗೆ ಕೊಟ್ಟುಬಿಟ್ಟರು. ಆಗ ಆಕೆಗೆ ಇಪ್ಪತ್ತೆರಡರ ಆಸುಪಾಸು.

ಇವತ್ತು ನಮ್ಮ ಲೈನ್‌ಮನೆಯಲ್ಲೋ ಕೇರಿಯಲ್ಲೋ ಒಬ್ಬ ಸೊಸೆ ಹೀಗೆ ಮಾಡಿದರೆ ನಾವೇನಂತೀವಿ? "ಹುಚ್ಚು ಹಿಡಿದಿದೆ" ಅಂತೀವಿ. ಆದರೆ ಪಕ್ಕದ ಮನೆಯವರ ಕಣ್ಣಿಗೆ ಕಾಣಲಿ ಅಂತ ಸಾಲ ಮಾಡಿ ಸರ ಕೊಂಡವಳನ್ನು ಯಾರೂ ದಡ್ಡಿ ಅನ್ನಲ್ಲ. ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂತಿಟ್ಟುಕೊಳ್ಳಿ. 50,000 ತೆಗೆದು ಅಸಲು ತೀರಿಸದಿದ್ದರೆ ವರ್ಷಕ್ಕೆ ಬಡ್ಡಿಯೇ 12,000. ಆ ಸರವನ್ನು ಮಾರಲು ಹೋದರೆ ಕೊಳ್ಳುವಾಗ ಕೊಟ್ಟ ಕೂಲಿ, ವೇಸ್ಟೇಜು ವಾಪಸ್ ಬರೋದಿಲ್ಲ. ಕಲ್ಲು ಕೂರಿಸಿದ್ದರೆ ಅದರ ತೂಕವನ್ನೂ ಕಳೆಯುತ್ತಾರೆ.

ಹಾಗಂತ ಚಿನ್ನವೇ ದಡ್ಡತನ ಅಂತ ನಾನು ಹೇಳೋದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯಂದಿರಿಗೆ ಕೊರಳೇ ಬ್ಯಾಂಕು. 2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲೇ ಓಡಿ ಬಂದವರಿದ್ದರು. ಪಾಸ್‌ಬುಕ್ಕು, ರೇಷನ್ ಕಾರ್ಡು ಎಲ್ಲ ಮಣ್ಣಿನಡಿ. ಅಂಥ ಹೊತ್ತಿನಲ್ಲಿ ಕಿವಿಯ ಓಲೆ ಅಲಂಕಾರವಲ್ಲ, ಅಕ್ಕಿ ಬೇಳೆ. ಗೌರಮ್ಮನವರಂತೆ ನೀವೂ ಎಲ್ಲ ಕೊಟ್ಟುಬಿಡಿ ಅಂದರೆ ಆ ಮಾತು ನಿಮಗೆ ಅನ್ಯಾಯವಾದೀತು. ಆಕೆಯಿಂದ ನಾವು ತಿಳಿಯಬೇಕಾದ್ದು ಬೇರೆ. ಯಾವುದು ಇರಲಿ, ಯಾವುದು ಹೋಗಲಿ, ಯಾತಕ್ಕೆ ಹೋಗಲಿ ಎಂದು ಆರಿಸಿದವರು ಆಕೆಯೇ. ನಮ್ಮಲ್ಲಿ ಎಷ್ಟು ಜನ ನಮ್ಮ ಒಡವೆಯ ಬಗ್ಗೆ ಹಾಗೆ ತೀರ್ಮಾನ ಮಾಡಿದ್ದೇವೆ? ಅಡವಿಟ್ಟ ಚೀಟಿ ಯಾರ ಹೆಸರಲ್ಲಿದೆ, ಯಾವತ್ತು ಬಿಡಿಸಬೇಕು, ಅದಾದರೂ ಗೊತ್ತಾ?

ಇನ್ನು ಸೌಂದರ್ಯ. ಹೆಣ್ಣು ನೋಡಲು ಬಂದವರು "ಹುಡುಗಿ ಸ್ವಲ್ಪ ಕಪ್ಪು, ಎರಡು ಪವನ್ ಜಾಸ್ತಿ ಹಾಕಿಬಿಡಿ" ಅಂತಾರೆ. ಇದನ್ನು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಮಗಳ ಮೈಬಣ್ಣಕ್ಕೆ ದಂಡವೇ? ಬೆಳ್ಳಗಾಗುವ ಕ್ರೀಮಿನ ದೊಡ್ಡ ಕಂಪನಿಯೇ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ತೆಗೆದುಹಾಕಿತು, ನಾವು ಮಾತ್ರ ಬಿಟ್ಟಿಲ್ಲ. ಹೀಗೆ ಕೇಳಿ ಪಡೆಯುವ ಚಿನ್ನಕ್ಕೆ 1961ರ ಕಾಯ್ದೆಯಲ್ಲಿ ಹೆಸರು ವರದಕ್ಷಿಣೆ. ಕೇಳುವವರಲ್ಲಿ ಹೆಂಗಸರೂ ಇರುತ್ತಾರೆ, ಅದನ್ನೂ ಒಪ್ಪಿಕೊಳ್ಳೋಣ.

ಒಡವೆ ಕೊಟ್ಟ ಮೇಲೆ ಗೌರಮ್ಮ ಹೆಚ್ಚು ವರ್ಷ ಬದುಕಲಿಲ್ಲ. ಈಜು ಆಕೆಗೆ ಇಷ್ಟ. 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಹೊಳೆಯ ಸುಳಿಗೆ ಸಿಕ್ಕಿ ತೀರಿಕೊಂಡರು. ವಿಧವೆಯರ, ಸಮಾಜ ದೂರ ತಳ್ಳಿದ ಹೆಂಗಸರ ಸಂಕಟವನ್ನು ಕತೆಗಳಲ್ಲಿ ಬರೆದಿದ್ದರು. ಅವು 'ಕಂಬನಿ', 'ಚಿಗುರು' ಎಂಬ ಪುಸ್ತಕಗಳಾಗಿ ಬಂದದ್ದು ಆಮೇಲೆ. ಓದು ಬರುವವರು ಸಂಘದಲ್ಲಿ ಒಂದೊಂದು ಕತೆ ಗಟ್ಟಿಯಾಗಿ ಓದಿ ಹೇಳಿ.

ಕಾಫಿ ಕುಯ್ಲು ಮುಗಿದರೆ ಮದುವೆ ಸಾಲದ ಅರ್ಜಿಗಳು ಬರುತ್ತವೆ. ಈ ಸಲ ನಿರ್ಣಯ ಪುಸ್ತಕದಲ್ಲಿ "ಮದುವೆ ಖರ್ಚು" ಅಂತ ಒಂದೇ ಸಾಲು ಬರೆದು ಮುಗಿಸಬೇಡಿ. ಊಟಕ್ಕೆಷ್ಟು, ಬಟ್ಟೆಗೆಷ್ಟು, ಚಿನ್ನಕ್ಕೆಷ್ಟು ಅಂತ ಬಿಡಿಸಿ ಬರೆಸಿ. ಚಿನ್ನದ ಸಾಲಿನ ಮುಂದೆ ಇನ್ನೊಂದು ಪ್ರಶ್ನೆ ಕೇಳಿ: ಇಷ್ಟು ಪವನ್ ಅಂತ ಹೇಳಿದ್ದು ಯಾರು?