ಗುಂಡಿಯ ತಳಕ್ಕೆ ಗಾಳಿ ಕಳಿಸುವುದು ಹೇಗೆ?

ಮಕ್ಕಳೇ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಎಲ್ಲಿ ಕೂಡಿಡುತ್ತಿದ್ದರು ಗೊತ್ತೇ? ನೆಲದೊಳಗೆ! ಆಳವಾದ ಗುಂಡಿ ತೋಡಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಅದಕ್ಕೆ ಹಗೇವು ಎಂದು ಹೆಸರು. ಅದರ ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ದೊಡ್ಡದು.

ಹಗೇವಿನ ಕಲ್ಲು ಸರಿಸಿದ ಕೂಡಲೇ ಬಲ್ಲವರು ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು ಕಾಯುತ್ತಿದ್ದರು. ಹಗ್ಗಕ್ಕೆ ದೀಪ ಕಟ್ಟಿ ಮೆಲ್ಲಗೆ ಇಳಿಬಿಡುವುದೂ ಇತ್ತು. ದೀಪ ಆರಿತೋ, ಇಳಿಯುವ ಮಾತೇ ಇಲ್ಲ. ಒಳಗೆ ಇರುವುದು ಬರೀ ಜೋಳ ತಾನೇ, ಹೆದರಿಕೆ ಯಾಕೆ ಅಂತೀರಾ?

ಜೋಳದ ಕಾಳು ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ಬಿತ್ತಿದರೆ ಮೊಳೆಯುತ್ತದೆ ಅಂದಮೇಲೆ ಅದಕ್ಕೂ ಜೀವ ಇದೆ. ಜೀವ ಇದ್ದದ್ದು ಉಸಿರಾಡಲೇಬೇಕು. ಒಂದೊಂದು ಕಾಳೂ ಗುಂಡಿಯ ಗಾಳಿಯಿಂದ ಚೂರು ಚೂರೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಾಯಿ ಮುಚ್ಚಿರುವಾಗ ಹೊಸ ಗಾಳಿ ಬರುವುದು ಎಲ್ಲಿಂದ? ತಿಂಗಳುಗಟ್ಟಲೆ ಹೀಗೇ ನಡೆದರೆ ಉಸಿರಾಡಲು ಬೇಕಾದದ್ದೇ ಮುಗಿದುಹೋಗುತ್ತದೆ.

ನಮ್ಮ ಸುತ್ತಲಿನ ಗಾಳಿಯನ್ನು ನೂರು ಪಾಲು ಮಾಡಿದರೆ ಸುಮಾರು 21 ಪಾಲು ಆಮ್ಲಜನಕ. ಅದು 19.5ಕ್ಕಿಂತ ಕೆಳಗೆ ಇಳಿದ ಜಾಗದಲ್ಲಿ ಕೆಲಸ ಮಾಡಬಾರದು ಎನ್ನುವುದು ನಿಯಮ. 10ಕ್ಕಿಂತಲೂ ಕಡಿಮೆಯಾದರೆ ಮನುಷ್ಯನಿಗೆ ಕೂಗಲೂ ಆಗದೆ ಪ್ರಜ್ಞೆ ತಪ್ಪಬಹುದು. ಆದರೆ ನೋಡಲು ಆ ಗಾಳಿಯೂ ಈ ಗಾಳಿಯೂ ಒಂದೇ. ಬಣ್ಣವಿಲ್ಲ, ಹೊಗೆಯಿಲ್ಲ.

ಇಂಥ ಜಾಗಗಳು ಇನ್ನೂ ಇವೆ. ಪಾಳುಬಾವಿ, ನೀರಿನ ಸಂಪು, ರಸ್ತೆಯ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್. ಮುಚ್ಚಿಟ್ಟ ಕಬ್ಬಿಣದ ಟ್ಯಾಂಕಿಯಲ್ಲಿ ಏನೂ ಇಲ್ಲದಿದ್ದರೂ, ಕಬ್ಬಿಣ ತುಕ್ಕು ಹಿಡಿಯುತ್ತಲೇ ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ! ಚರಂಡಿಯಲ್ಲಿ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಭಯವಿಲ್ಲ ಅಂದುಕೊಂಡವರು ಮೋಸಹೋಗುತ್ತಾರೆ.

ಹಾಗಾದರೆ ಕೆಟ್ಟ ಗಾಳಿಯನ್ನು ಹೊರಗೆ ಓಡಿಸುವುದು ಹೇಗೆ? ಅಡುಗೆಮನೆಗೆ ಬನ್ನಿ, ಮಾಡಿಯೇ ನೋಡೋಣ. ಒಂದು ತಟ್ಟೆಯಲ್ಲಿ ಎತ್ತರದ ಗಾಜಿನ ಲೋಟ ಇಡಿ. ನೀರಿಗೆ ಸಕ್ಕರೆಯನ್ನೂ ಚಿಟಿಕೆ ಕುಂಕುಮವನ್ನೂ ಕದಡಿ ಲೋಟದಲ್ಲಿ ಕಾಲು ಭಾಗ ತುಂಬಿಸಿ. ಈಗ ಒಂದು ಚಮಚದ ಬೆನ್ನಿನ ಮೇಲೆ ಮೆಲ್ಲಗೆ ಬರೀ ನೀರು ಬಿಡುತ್ತಾ ಹೋಗಿ. ಲೋಟ ತುಂಬಿ ತಟ್ಟೆಗೆ ಚೆಲ್ಲುತ್ತದೆ. ಚೆಲ್ಲಿದ್ದು ಯಾವುದು? ಆಗಷ್ಟೇ ಹಾಕಿದ ತಿಳಿನೀರು. ಕೆಂಪು ನೀರು ತಳ ಬಿಟ್ಟು ಅಲ್ಲಾಡಿಲ್ಲ!

ಈಗ ಒಂದು ಸಣ್ಣ ಕೊಳವೆಯನ್ನು ತಳದವರೆಗೂ ಇಳಿಸಿ, ಮೇಲ್ತುದಿಗೆ ಆಲಿಕೆ ಇಟ್ಟು ನೀರು ಹಾಕಿ. ಕೆಂಪು ಕದಡಿತು, ಮೇಲೆದ್ದಿತು, ಅಂಚು ದಾಟಿ ಹೊರಗೆ ಚೆಲ್ಲಿತು. ಹಾಕಿದಷ್ಟೂ ಬಣ್ಣ ತಿಳಿಯಾಗುತ್ತಾ ಬಂತು ಅಲ್ಲವೇ?

ಗುಂಡಿಯಲ್ಲೂ ನಡೆಯುವುದು ಇದೇ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ತೂಕ. ಅದು ತಳದಲ್ಲೇ ಕೂತಿರುತ್ತದೆ. ಗುಂಡಿಯ ಬಾಯಲ್ಲಿ ಮನೆಯ ಟೇಬಲ್ ಫ್ಯಾನ್ ಇಟ್ಟರೆ ಮೇಲಿನ ಗಾಳಿ ಮೇಲೇ ಸುತ್ತುತ್ತದೆ. ಅದಕ್ಕೇ ಕೆಲಸದವರು ಬ್ಲೋವರ್ ಎಂಬ ಯಂತ್ರಕ್ಕೆ ಉದ್ದನೆಯ ದಪ್ಪ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ತಳದ ಹತ್ತಿರದವರೆಗೆ ಇಳಿಸುತ್ತಾರೆ.

ಬ್ಲೋವರ್ ಆರಿಸುವಾಗ ಮೊದಲ ಪ್ರಶ್ನೆ, ಗುಂಡಿ ಎಷ್ಟು ದೊಡ್ಡದು? ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಮೂರು ಮೀಟರ್ ಆಳದ ಸಂಪು ಅನ್ನಿ. ಗುಣಿಸಿದರೆ 12 ಘನ ಮೀಟರ್. ಬ್ಲೋವರ್ ನಿಮಿಷಕ್ಕೆ 6 ಘನ ಮೀಟರ್ ಗಾಳಿ ತಳ್ಳಿದರೆ ಎರಡೇ ನಿಮಿಷಕ್ಕೆ ಸಂಪು ತುಂಬುವಷ್ಟು ಗಾಳಿ ಹೋಯಿತು. ಅಷ್ಟಕ್ಕೆ ಸಾಕೇ? ಸಾಲದು. ಹೊಸ ಗಾಳಿ ಹಳೆಯದರೊಂದಿಗೆ ಬೆರೆಯುತ್ತದಲ್ಲ! ಚೆನ್ನಾಗಿ ಬೆರೆತರೆ ಎರಡು ನಿಮಿಷಕ್ಕೆ ಹಳೆಯದು ನೂರಕ್ಕೆ 37 ಪಾಲು ಉಳಿದಿರುತ್ತದೆ. ನಾಲ್ಕು ನಿಮಿಷಕ್ಕೆ ಸುಮಾರು 14, ಆರಕ್ಕೆ ಸುಮಾರು 5. ಮೂಲೆಗಳಲ್ಲಿ ಇನ್ನೂ ನಿಧಾನ.

ಎರಡನೆಯ ಪ್ರಶ್ನೆ, ಗಾಳಿ ಎಷ್ಟು ದೂರ ಹೋಗಬೇಕು? ಕೊಳವೆ ಉದ್ದವಾದಷ್ಟೂ, ಸೊಟ್ಟ ತಿರುವು ಹೆಚ್ಚಿದಷ್ಟೂ ಗಾಳಿ ಸೋಲುತ್ತದೆ. ಬರೀ ರೆಕ್ಕೆ ತಿರುಗಿಸಿ ನೇರಕ್ಕೆ ತಳ್ಳುವ ಬ್ಲೋವರ್ ಗಿಡ್ಡ ಕೊಳವೆಗೆ ಚೆಂದ. ಉದ್ದನೆಯ, ತಿರುವುಗಳ ಕೊಳವೆಗೆ ಗಾಳಿಯನ್ನು ಚಕ್ರದ ನಡುವೆ ಎಳೆದು ಅಂಚಿನಿಂದ ಜೋರಾಗಿ ದೂಡುವ ಸೆಂಟ್ರಿಫ್ಯೂಗಲ್ ಬ್ಲೋವರ್ ಬೇಕು.

ಮೂರನೆಯ ಪ್ರಶ್ನೆ, ಒಳಗೆ ಇರುವುದು ಏನು? ಚರಂಡಿಯಲ್ಲಿ ಮೀಥೇನ್ ಇರಬಹುದು. ಅದು ಬೆಂಕಿ ಹತ್ತುವ ಅನಿಲ. ಅಲ್ಲಿ ಕಿಡಿ ಹಾರಿಸದ ಮೋಟಾರೇ ಆಗಬೇಕು. ಅಂಥ ಕಡೆ ಹಳೆಯ ಕಾಲದ ದೀಪ ಇಳಿಬಿಟ್ಟರೆ ಸ್ಫೋಟವೇ ಆದೀತು. ವಿಷಾನಿಲವನ್ನಂತೂ ದೀಪ ತೋರಿಸುವುದೇ ಇಲ್ಲ. ಗಾಳಿಯ ಬದಲು ಸಿಲಿಂಡರಿನ ಆಮ್ಲಜನಕ ಬಿಟ್ಟರಾಯಿತಲ್ಲ ಅಂತ ಯಾರಾದರೂ ಜಾಣತನ ತೋರಬಹುದು. ಬೇಡವೇ ಬೇಡ! ಆಮ್ಲಜನಕ ಹೆಚ್ಚಾದರೆ ಉಟ್ಟ ಬಟ್ಟೆಯೂ ಧಗ್ಗನೆ ಹೊತ್ತಿಕೊಳ್ಳುತ್ತದೆ.

ಬ್ಲೋವರ್ ಇಡುವ ಜಾಗವನ್ನೂ ನೋಡಬೇಕು. ಪಕ್ಕದಲ್ಲೇ ಜನರೇಟರ್ ಹೊಗೆ ಕಾರುತ್ತಿದ್ದರೆ ಆ ಹೊಗೆಯನ್ನೇ ಒಳಗಿನವರಿಗೆ ಉಣಿಸಿದಂತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅಳೆಯದೆ ಇಳಿಯುವಂತಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗ್ಯಾಸ್ ಮೀಟರ್ ಇದೆ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಅದರಿಂದ ಅಳೆಯುತ್ತಾರೆ. ಆಮ್ಲಜನಕ ಎಷ್ಟಿದೆ, ಬೆಂಕಿ ಹತ್ತುವ ಅನಿಲ ಇದೆಯೇ, ವಿಷ ಇದೆಯೇ ಎಂದು ಅದು ಹೇಳುತ್ತದೆ. ಒಳಗೆ ಜನ ಇರುವಷ್ಟು ಹೊತ್ತೂ ಬ್ಲೋವರ್ ನಿಲ್ಲಿಸುವಂತಿಲ್ಲ. ಇಳಿದವರ ಮೈಗೆ ಹಗ್ಗ ಸಿಕ್ಕಿಸಿದ ರಕ್ಷಣಾ ಪಟ್ಟಿ ಇರಬೇಕು, ಮೇಲೊಬ್ಬರು ಕಣ್ಣಿಟ್ಟು ಕಾಯಬೇಕು.

ಇಳಿಯದೇ ಕೆಲಸ ಆಗುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನೂ ಇಳಿಸಬಾರದು ಎಂದು ನಮ್ಮ ದೇಶದಲ್ಲಿ 2013ರಲ್ಲೇ ಕಾನೂನು ಆಗಿದೆ. ಹೊಲಸು ಹೀರುವ ಯಂತ್ರಗಳು ಇರುವುದೇ ಅವನ್ನು ಶುಚಿ ಮಾಡುವ ಕೆಲಸಕ್ಕೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಒಬ್ಬರು ಗುಂಡಿಯಲ್ಲಿ ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಇಳಿದು ಎಲ್ಲರೂ ಸಾಯುವುದು ಉಂಟು. ಚೆಂಡು ಬಿದ್ದರೂ ಸರಿ, ಕರು ಬಿದ್ದರೂ ಸರಿ, ಗೆಳೆಯನೇ ಬಿದ್ದರೂ ಸರಿ, ನೀವು ಇಳಿಯಬೇಡಿ, ದೊಡ್ಡವರನ್ನೂ ಇಳಿಯಗೊಡಬೇಡಿ. ಜೋರಾಗಿ ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿಸಿ, ಒಳಗೆ ಗಾಳಿ ಕೆಟ್ಟಿರಬಹುದು ಎಂದು ಮೊದಲೇ ಹೇಳಿ.