ಆಸನದ ಗವಸು



ವೀಣೆಗೆ ಗವಸು, ಮೃದಂಗಕ್ಕೆ ಗವಸು, ದಿಂಬಿಗೆ ಗವಸು; ಇವೆಲ್ಲ ನಮಗೆ ಪರಿಚಿತವಾದವು. ಬೆಲೆಯುಳ್ಳ ವಸ್ತುವನ್ನು ಧೂಳಿನಿಂದಲೂ ಬೆವರಿನಿಂದಲೂ ಕಾಪಾಡುವ ಹೊದಿಕೆಗೆ ಕನ್ನಡವು ಇಟ್ಟಿರುವ ಹೆಸರು ಅದು. ಕಾರಿನ ‘ಸೀಟ್ ಕವರ್’ ಕೂಡ ಒಂದು ಗವಸೇ. ಆದರೆ ಒಂದು ಭೇದವುಂಟು. ವೀಣೆಯನ್ನು ನುಡಿಸುವಾಗ ಗವಸನ್ನು ತೆಗೆದಿಡುತ್ತೇವೆ. ಕಾರಿನ ಗವಸಿನ ಮೇಲಾದರೋ ಕುಳಿತೇ ಪ್ರಯಾಣ ಮಾಡುತ್ತೇವೆ. ಆದುದರಿಂದ ಅದು ಆಸನವನ್ನು ಕಾಪಾಡಿದರೆ ಸಾಲದು, ಅದರಲ್ಲಿ ಕುಳಿತವರಿಗೂ ಕೇಡಾಗದಂತಿರಬೇಕು.

ಕಮಾನುಗಾಡಿಯ ಕಾಲದಲ್ಲಿ ಈ ವಿಷಯದಲ್ಲಿ ಗೊಂದಲವಿರಲಿಲ್ಲ. ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸುತ್ತಿದ್ದುದು ಕುಳಿತವರ ಬೆನ್ನು ನೋಯದಿರಲೆಂದು, ಗಾಡಿಯ ಹಲಗೆ ಸವೆಯದಿರಲೆಂದಲ್ಲ. ಕಾರು ಬಂದ ಮೇಲೆ ಕ್ರಮ ತಿರುವುಮುರುವಾಯಿತು. ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ಕನ್ನೂ ತೆಗೆಯದೆ, ಬೆನ್ನಿಗೆ ಬೆವರು ಅಂಟಿಸಿಕೊಂಡು ವರ್ಷಗಟ್ಟಲೆ ಓಡಾಡುವವರಿದ್ದಾರೆ. ಕಾರಣ ಕೇಳಿದರೆ, ಮಾರುವಾಗ ಒಳ್ಳೆಯ ಬೆಲೆ ಬರಲಿ ಎನ್ನುತ್ತಾರೆ. ಎಂದೋ ಬರಲಿರುವ ಅಪರಿಚಿತನ ಸುಖಕ್ಕಾಗಿ ಇಂದಿನ ನಮ್ಮ ಸುಖವನ್ನು ತೆತ್ತಂತಾಯಿತು! ಇದಕ್ಕಿಂತ, ಅಧಿಕಾರಿಗಳ ಕಾರಿನ ಬಿಳಿಯ ಟರ್ಕಿ ಟವೆಲ್ಲೇ ವಾಸಿ. ಅದು ಪದವಿಯ ಲಾಂಛನವಾದದ್ದು ಬೇರೆಯ ಮಾತು. ಬೆವರನ್ನು ಹೀರಿ ಒಗೆತಕ್ಕೆ ಹೋಗುವುದು ಅದರ ನಿಜವಾದ ಗುಣ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಗೆಬಗೆಯ ಗವಸುಗಳು ದೊರೆಯುತ್ತವೆ. ಹತ್ತಿಯ ಬಟ್ಟೆ ತಂಪು, ಒಗೆಯಲು ಸುಲಭ. ಆದರೆ ಬೇಗ ಕೊಳೆಯಾಗುತ್ತದೆ, ಮೊದಲ ಒಗೆತದಲ್ಲಿ ಕುಗ್ಗುವುದೂ ಉಂಟು. ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನಲ್ಲಿ ತಯಾರಾದ ಒಂದು ಕೃತಕ ಚರ್ಮದ ಹೆಸರು; ನಮ್ಮಲ್ಲಿ ಎಲ್ಲ ಕೃತಕ ಚರ್ಮಕ್ಕೂ ಅದೇ ಹೆಸರಾಯಿತು. ಚೆಲ್ಲಿದ ಕಾಫಿಯನ್ನು ಅದರಿಂದ ಒರೆಸಿಬಿಡಬಹುದು. ಆದರೆ ಯಲಹಂಕ ಉಪನಗರದ ಬೀದಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನೆರಳಿಲ್ಲದೆ ನಿಂತ ಕಾರಿನೊಳಗೆ ಕಪ್ಪು ರೆಕ್ಸಿನ್ ಕಾದ ಕಾವಲಿಯಾಗುತ್ತದೆ. ಬಿಸಿಲಲ್ಲಿ ನಿಲ್ಲಿಸುವವರಿಗೆ ತಿಳಿಬಣ್ಣದ ಬಟ್ಟೆಯೇ ಲೇಸು.

ಮೆತ್ತಗಿದ್ದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ನಮ್ಮ ಯಲಹಂಕದ ವಾಯುನೆಲೆಯಲ್ಲಿ 1996ರಲ್ಲಿ ಆರಂಭವಾದ ವೈಮಾನಿಕ ಪ್ರದರ್ಶನವನ್ನು ಅನೇಕರು ನೋಡಿರಬಹುದು. ಯುದ್ಧವಿಮಾನದಲ್ಲಿ, ಅಪಾಯ ಬಂದಾಗ ಚಾಲಕನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸುವ ಏರ್ಪಾಡಿರುತ್ತದೆ. ಆ ಆಸನದ ಮೇಲೆ ದಪ್ಪವಾದ ಮೆತ್ತೆಯನ್ನು ಇಡುವಂತಿಲ್ಲ. ಏಕೆಂದರೆ ಆಸನ ಮೇಲಕ್ಕೆ ಹಾರುವಾಗ ಮೊದಲು ಮೆತ್ತೆ ಕುಗ್ಗುತ್ತದೆ. ಅಷ್ಟರಲ್ಲಿ ವೇಗ ಪಡೆದ ಆಸನ ಬೆನ್ನೆಲುಬಿಗೆ ಹೆಚ್ಚು ಬಲವಾಗಿ ಅಪ್ಪಳಿಸುತ್ತದೆ. ಕಾರಿನ ಆಸನ ಅಂಥದ್ದಲ್ಲ, ನಿಜ. ಆದರೂ ಜಾರುವ ದಪ್ಪ ಮೆತ್ತೆಯ ಮೇಲೆ ಕುಳಿತವರು, ಡಿಕ್ಕಿಯಾದಾಗ ಸೀಟ್ ಬೆಲ್ಟಿನ ಅಡಿಯಿಂದ ನುಸುಳುವ ಸಂಭವವುಂಟು. ಆಗ ಬೆಲ್ಟು ಸೊಂಟದ ಮೂಳೆಯನ್ನು ಬಿಟ್ಟು ಹೊಟ್ಟೆಯನ್ನು ಒತ್ತುತ್ತದೆ.

ಇನ್ನೂ ಮುಖ್ಯವಾದದ್ದು ಗಾಳಿಚೀಲದ ಸಂಗತಿ. ಚಾಲಕನ ಮುಂದಿನ ಗಾಳಿಚೀಲ ನಮ್ಮ ದೇಶದ ಹೊಸ ಕಾರುಗಳಲ್ಲಿ 2019ರ ಜುಲೈನಿಂದ ಕಡ್ಡಾಯವಾಯಿತು. ಅದು ಸ್ಟಿಯರಿಂಗ್ ಚಕ್ರದೊಳಗಿರುವುದರಿಂದ ಗವಸಿನ ತೊಡಕಿಲ್ಲ. ಆದರೆ ಹಲವು ಕಾರುಗಳಲ್ಲಿ ಪಕ್ಕದ ಗಾಳಿಚೀಲವು ಮುಂದಿನ ಆಸನದ ಬೆನ್ನಿನ ಹೊರ ಅಂಚಿನಲ್ಲೇ ಅಡಗಿರುತ್ತದೆ. ಬಾಗಿಲಿಗೆ ಬೇರೊಂದು ವಾಹನ ಬಡಿದಾಗ, ಕಣ್ಣು ಮಿಟುಕಿಸುವುದರೊಳಗೆ ಅದು ಹೊಲಿಗೆ ಒಡೆದು ಹೊರಬರಬೇಕು. ಮೇಲೆ ಗಟ್ಟಿ ದಾರದ ಬಿಗಿಗವಸಿದ್ದರೆ ಗತಿಯೇನು? ತಡವಾಗಿಯೋ ಅಡ್ಡಾದಿಡ್ಡಿಯಾಗಿಯೋ ತೆರೆದೀತು; ಎದೆಯನ್ನು ಕಾಯಬೇಕಾದ ಚೀಲ ನಿಷ್ಪ್ರಯೋಜಕವಾದೀತು. ಆಸನದ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿ ಇದೆಯೇ ನೋಡಿ. ಇದ್ದರೆ, ಕಾರಿನ ಕೈಪಿಡಿ ಗವಸಿಗೆ ಒಪ್ಪುತ್ತದೆಯೇ ಎಂದು ಓದಿ. ಒಪ್ಪಿದಲ್ಲಿ ಆ ಜಾಗವನ್ನು ತೆರೆದಿಟ್ಟ, ಇಲ್ಲವೆ ಅಲ್ಲಿ ಸುಲಭವಾಗಿ ಬಿಚ್ಚುವ ಹೊಲಿಗೆಯಿರುವ, ನಿಮ್ಮ ಕಾರಿನ ಮಾದರಿಗೆಂದೇ ಹೊಲಿದ ಗವಸನ್ನು ಮಾತ್ರ ಕೊಳ್ಳಿ.

ತೊಡಿಸುವ ಕೆಲಸ ಕಷ್ಟದ್ದಲ್ಲ. ತಲೆಯೊರಗನ್ನು ಕಳಚಿ, ಬೆನ್ನಿನ ಗವಸನ್ನು ಮೇಲಿನಿಂದ ಇಳಿಸಿ, ಅದರ ಸೆರಗನ್ನು ಬೆನ್ನು ಮತ್ತು ಕೂರುವ ಭಾಗದ ನಡುವಣ ಸಂದಿಯಲ್ಲಿ ತೂರಿಸಿ ಹಿಂದೆ ಬಿಗಿಯಬೇಕು. ಆಸನದ ಕೆಳಗೆ ಕೊಕ್ಕೆ ಸಿಕ್ಕಿಸುವಾಗ ಅಲ್ಲಿರುವ ತಂತಿಗಳನ್ನು, ಅದರಲ್ಲೂ ಹಳದಿ ಬಣ್ಣದ ಜೋಡಣೆಗಳನ್ನು, ಎಳೆಯಬಾರದು. ಸಾಮಾನ್ಯವಾಗಿ ಅವು ಗಾಳಿಚೀಲಕ್ಕೆ ಸೇರಿದವು. ಹಿಂದಿನ ಸೀಟಿನ ಬೆಲ್ಟ್ ಬಕಲ್‌ಗಳು, ಮಗುವಿನ ಆಸನ ಸಿಕ್ಕಿಸುವ ಕೊಂಡಿಗಳು ಗವಸಿನಡಿ ಹೂತುಹೋಗದಿರಲಿ. ಬೆಲ್ಟು ಕೈಗೆ ಸಿಗದಿದ್ದರೆ ಹಿಂದೆ ಕುಳಿತವರು ಅದನ್ನು ಹಾಕಿಕೊಳ್ಳುವುದೇ ಇಲ್ಲ.

ಪಾಲನೆಯ ಮಾತು ಇಷ್ಟೆ: ಬಟ್ಟೆಯ ಗವಸನ್ನು ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆಯೇ ತೊಡಿಸಿ, ಹಸಿ ಗವಸು ಒಳಗಿನ ಫೋಮಿಗೆ ಮುಗ್ಗುಲು ವಾಸನೆ ತರುತ್ತದೆ. ರೆಕ್ಸಿನ್ನಿಗೆ ಸೌಮ್ಯವಾದ ಸಾಬೂನು ನೀರಿನ ಒದ್ದೆಬಟ್ಟೆ ಸಾಕು. ಪೆಟ್ರೋಲು, ಥಿನ್ನರ್ ಬೇಡ. ಕೆಲವು ತಿಂಗಳಿಗೊಮ್ಮೆ ಗವಸನ್ನು ತೆಗೆದು ಒಳಗಿನ ಧೂಳನ್ನು ಕೊಡವಿ. ಅಡಗಿ ಕುಳಿತ ಮರಳು ಉಪ್ಪುಕಾಗದದಂತೆ ಆಸನವನ್ನು ಉಜ್ಜುತ್ತಲೇ ಇರುತ್ತದೆ.

ಸೀಟು ಮಾಸಿದರೆ ತೊಳೆಯಬಹುದು, ಹರಿದರೆ ಹೊಲಿಸಬಹುದು. ಅದರಲ್ಲಿ ಕುಳಿತವರ ವಿಷಯದಲ್ಲಿ ಆ ಅನುಕೂಲವಿಲ್ಲ. ಅಂಗಡಿಯಲ್ಲಿ ಬಣ್ಣವನ್ನು ಆರಿಸುವ ಮೊದಲು ಇದೊಂದನ್ನು ನೆನೆಯೋಣ.