ನೀಲಿ ನಕ್ಷತ್ರದ ರಸ್ತೆ
(ಕೂಟದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ಹೆದರಿಸುತ್ತಾರೆ ಎಂಬ ಅಂಜಿಕೆ ನಿಮಗಿರಬಹುದು. ಇವತ್ತು ಆ ಮಾತಿಲ್ಲ, ಹೋಳಿಗೆಯನ್ನು ನಿಶ್ಚಿಂತೆಯಿಂದ ತಿನ್ನಿ. ನಾವು ಮಾತಾಡಹೊರಟಿರುವುದು ಒಂದು ರಸ್ತೆಯ ವಿಷಯ.

ನ್ಯೂಜೆರ್ಸಿಯಲ್ಲಿರುವ ನಮಗೆಲ್ಲ ೨೨ನೇ ನಂಬರಿನ ರಸ್ತೆ ಗೊತ್ತು. ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋಗಲು ನಮ್ಮಲ್ಲಿ ಅನೇಕರಿಗೆ ಅದೇ ದಾರಿ. ಆ ದಾರಿಯಲ್ಲಿ ವಾಚಂಗ್ ಹತ್ತಿರ ಬ್ಲೂ ಸ್ಟಾರ್ ಎಂಬ ಹೆಸರಿನ ಅಂಗಡಿ ಸಾಲು ಸಿಗುತ್ತದೆ. ಹೊಸದಾಗಿ ಬಂದಾಗ ಆ ಹೆಸರು ನೋಡಿ, ನಮ್ಮ ದೇಶದ ಏರ್‌ಕಂಡಿಷನರ್ ಕಂಪನಿ ಇಲ್ಲಿಗೂ ಬಂದುಬಿಟ್ಟಿತಲ್ಲ ಎಂದು ನಾವು ಮನೆಮಂದಿಯೆಲ್ಲ ಹೆಮ್ಮೆಪಟ್ಟಿದ್ದುಂಟು!

ನಿಜ ಸಂಗತಿ ಬೇರೆ. ಈ ದೇಶದಲ್ಲಿ ಮನೆಯ ಮಗನೋ ಮಗಳೋ ಯುದ್ಧಕಾಲದಲ್ಲಿ ಸೇನೆಯಲ್ಲಿದ್ದರೆ ಕಿಟಕಿಯಲ್ಲಿ ನೀಲಿ ನಕ್ಷತ್ರದ ಪುಟ್ಟ ಧ್ವಜ ತೂಗುಹಾಕುತ್ತಾರೆ. ೧೯೧೭ರಿಂದ, ಅಂದರೆ ಮೊದಲನೆಯ ಮಹಾಯುದ್ಧದಿಂದ ಬಂದ ಪದ್ಧತಿ. ಹೋದವರು ತೀರಿಕೊಂಡರೆ ನೀಲಿಯ ಜಾಗದಲ್ಲಿ ಚಿನ್ನದ ಬಣ್ಣದ ನಕ್ಷತ್ರ. ೧೯೪೪ರಲ್ಲಿ, ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ನಮ್ಮ ಈ ರಾಜ್ಯದ ಗಾರ್ಡನ್ ಕ್ಲಬ್ಬುಗಳ ಹೆಂಗಸರು ೨೨ನೇ ರಸ್ತೆಯ ಪಕ್ಕದಲ್ಲಿ, ಮೌಂಟನ್‌ಸೈಡ್‌ನಿಂದ ನಾರ್ತ್ ಪ್ಲೇನ್‌ಫೀಲ್ಡ್ ಕಡೆಗೆ ಐದಾರು ಮೈಲಿ ಉದ್ದಕ್ಕೆ ಸುಮಾರು ೮,೦೦೦ ಡಾಗ್‌ವುಡ್ ಗಿಡಗಳನ್ನು ನೆಡಿಸಿದರು. ಕಲ್ಲಿನ ಸ್ಮಾರಕ ಬೇಡ, ಬೆಳೆಯುವ ಸ್ಮಾರಕ ಇರಲಿ ಎಂಬುದು ಅವರ ಆಸೆ. ೧೯೪೫ರಲ್ಲಿ ಗಾರ್ಡನ್ ಕ್ಲಬ್ಬುಗಳ ರಾಷ್ಟ್ರೀಯ ಮಂಡಳಿ ಇದನ್ನೇ ದೇಶಕ್ಕೆಲ್ಲ ಹರಡಿತು. ಇವತ್ತು ನೀವು ಯಾವ ರಾಜ್ಯಕ್ಕೆ ಪ್ರವಾಸ ಹೋದರೂ ಬ್ಲೂ ಸ್ಟಾರ್ ಮೆಮೋರಿಯಲ್ ಹೈವೇ ಎಂಬ ಫಲಕ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಅದು ಮೊದಲು ಶುರುವಾದ ೨೨ನೇ ರಸ್ತೆಯಲ್ಲಿ ಮಾತ್ರ ಈಗ ಹೂವಿಗಿಂತ ಅಂಗಡಿಯ ಬೋರ್ಡುಗಳೇ ಹೆಚ್ಚು ಕಾಣುತ್ತವೆ.

ಇಂಥ ಹೆಸರುಗಳು ಇಲ್ಲಿ ಬೇಕಾದಷ್ಟಿವೆ. ಪೂರ್ವದ ಕಡಲತೀರದಿಂದ ಕ್ಯಾಲಿಫೋರ್ನಿಯಾದವರೆಗೆ ಹೋಗುವ ೬ನೇ ನಂಬರಿನ ಹೆದ್ದಾರಿಗೆ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಹೈವೇ ಎಂದು ಹೆಸರು. ಅದು ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಸೈನಿಕರ ಸಂಘ. ಅದರ ಕೊನೆಯ ಸದಸ್ಯ ೧೯೫೬ರಲ್ಲಿ ತೀರಿಕೊಂಡರು, ಹೆಸರು ರಸ್ತೆಗೆ ಉಳಿದುಕೊಂಡಿತು. ಸಾಮಾನ್ಯವಾಗಿ ರಾಜ್ಯದ ಶಾಸನಸಭೆ ಒಂದು ನಿರ್ಣಯ ಮಾಡಿದರೆ ಹೆಸರು ಬಂದುಬಿಡುತ್ತದೆ. ಕ್ಯಾಲಿಫೋರ್ನಿಯಾದಂಥ ಕಡೆ ಬೋರ್ಡಿನ ಖರ್ಚನ್ನೂ ದಾನಿಗಳೇ ಕೊಡಬೇಕು. ಸರ್ಕಾರಕ್ಕೆ ಇಷ್ಟು ಅಗ್ಗದಲ್ಲಿ ಮುಗಿಯುವ ಗೌರವ ಇನ್ನೊಂದಿಲ್ಲ ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ಹಾಗೆ ಅನ್ನಿಸಲು ಕಾರಣವಿದೆ. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದ ನಾವು ನಾಲ್ಕು ಜನ ಒಟ್ಟಿಗೆ ರೆಸಿಡೆನ್ಸಿ ಮಾಡುತ್ತಿದ್ದಾಗ ಕೆಲವು ತಿಂಗಳು ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿ ಕೊರಿಯಾ ಯುದ್ಧಕ್ಕೆ ಹೋಗಿಬಂದ ಮುದುಕರೊಬ್ಬರಿದ್ದರು. ಅಲ್ಲಿಯ ಚಳಿಗೆ ಮರಗಟ್ಟಿದ ಪಾದಗಳು ಐವತ್ತು ವರ್ಷ ಕಳೆದರೂ ನೋವು ಬಿಟ್ಟಿರಲಿಲ್ಲ. ತಮ್ಮ ಊರಿನ ರಸ್ತೆಗೆ ಕೊರಿಯಾ ಯೋಧರ ಹೆಸರಿಟ್ಟಿದ್ದಾರೆಂದು ಹೇಳಿ, "ಮೊಮ್ಮಕ್ಕಳು ದಿನಾ ಅದೇ ರಸ್ತೆಯಲ್ಲಿ ಓಡಾಡ್ತಾರೆ, ಕೊರಿಯಾದಲ್ಲಿ ಏನಾಯ್ತು ಅಂತ ಒಂದು ದಿನ ಕೇಳಲಿಲ್ಲ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮ ಇಂಡಿಯಾದವರೂ ಅಲ್ಲಿದ್ದರಲ್ಲ?" ಎಂದು ಕೇಳಿದರು. ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ನಮಗೆ ಗೊತ್ತಿರಲಿಲ್ಲ.

ಆ ರಾತ್ರಿ ಡ್ಯೂಟಿಯಲ್ಲಿ ಕೂತು ಓದಿದೆವು. ಭಾರತ ಕೊರಿಯಾಕ್ಕೆ ಕಾಳಗದ ಪಡೆ ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ೬೦ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ೧೯೫೦ರ ನವೆಂಬರಿನಲ್ಲಿ ಅಲ್ಲಿಗೆ ಹೋಯಿತು. ಮರುತಿಂಗಳು ಪ್ಯೋಂಗ್‌ಯಾಂಗ್‌ನಿಂದ ಹಿಂದೆ ಸರಿಯಬೇಕಾದಾಗ ವಾಹನಗಳಿಲ್ಲ. ಯಾರೋ ಬಿಟ್ಟುಹೋದ ರೈಲು ಎಂಜಿನ್ ಹುಡುಕಿ, ತಾವೇ ನಡೆಸಿಕೊಂಡು ಸಲಕರಣೆಗಳನ್ನು ದಕ್ಷಿಣಕ್ಕೆ ತಂದರು. ೧೯೫೧ರ ಮಾರ್ಚ್‌ನಲ್ಲಿ ಮುನ್ಸಾನ್ ಬಳಿ ಅಮೆರಿಕನ್ ಸೈನಿಕರ ಜೊತೆ ಪ್ಯಾರಾಶೂಟಿನಲ್ಲಿ ಇಳಿದು ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಯುದ್ಧ ನಿಂತ ಮೇಲೆ ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಮಾರನೆಯ ದಿನ ರೌಂಡ್ಸಿನಲ್ಲಿ ಇಷ್ಟನ್ನೂ ಆ ಮುದುಕರಿಗೆ ಒಪ್ಪಿಸಿದೆವು. "ಈಗ ಪಾಸ್" ಎಂದು ನಕ್ಕರು.

ಮೊಮ್ಮಕ್ಕಳನ್ನು ಅಂದು ಪ್ರಯೋಜನವೇನು? ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ, ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದ್ದು. ರಜೆಗೆ ಹೋದಾಗ ಆಟೋದವನಿಗೆ ಆ ಹೆಸರು ಹೇಳಿದವರು ನಮ್ಮಲ್ಲಿ ಎಷ್ಟು ಜನ? ತಿಮ್ಮಯ್ಯನವರು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ೧೯೬೫ರಲ್ಲಿ ಸೈಪ್ರಸ್‌ನಲ್ಲಿ ಕಾಲವಾದರು. ಅಲ್ಲಿಯ ಲಾರ್ನಾಕಾ ಊರಿನಲ್ಲೂ ಅವರ ಹೆಸರಿನ ರಸ್ತೆಯಿದೆ.

ಸಮಿತಿಯಲ್ಲಿ ಈ ವಿಷಯ ತೆಗೆದಾಗ ಹಿರಿಯರೊಬ್ಬರು, "ಅವರ ಯುದ್ಧ, ಅವರ ರಸ್ತೆ, ನಮಗೇನಪ್ಪ?" ಎಂದರು. ಯುದ್ಧವನ್ನು ಹೊಗಳುವುದು ನಮಗೂ ಇಷ್ಟವಿಲ್ಲ. ಆ ಪಾದಗಳನ್ನು ನೋಡಿದವರಿಗೆ ಅದು ಸಾಧ್ಯವೂ ಇಲ್ಲ. ಆದರೆ ನಮ್ಮ ಕೂಟದ ಒಂದು ಮನೆಯ ಕಿಟಕಿಯಲ್ಲಿ ಈಗ ನೀಲಿ ನಕ್ಷತ್ರದ ಧ್ವಜವಿದೆ. ಮಗಳು ನೌಕಾಪಡೆಯಲ್ಲಿದ್ದಾಳೆ. ಚಿಕ್ಕವಳಿದ್ದಾಗ ಇದೇ ವೇದಿಕೆಯಲ್ಲಿ ಕೋಲಾಟ ಆಡಿದ ಹುಡುಗಿ. ಗೌರಿ ಹಬ್ಬಕ್ಕೆ ಹೋದ ನಮ್ಮಲ್ಲಿ ಕೆಲವರು ಆ ಧ್ವಜವನ್ನು ಹಬ್ಬದ ಅಲಂಕಾರ ಎಂದುಕೊಂಡರು. ಆಕೆಯ ತಾಯಿ ಏನೂ ಹೇಳದೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರಂತೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹೊಸ ಹೆಸರು, ಹೊಸ ಬೋರ್ಡು ಬೇಡ. ಇರುವ ಬ್ಲೂ ಸ್ಟಾರ್ ಫಲಕಗಳನ್ನು ಗಾರ್ಡನ್ ಕ್ಲಬ್ಬುಗಳೇ ನೋಡಿಕೊಳ್ಳುತ್ತವೆ. ಯಾವ ಫಲಕದ ಬುಡದಲ್ಲಿ ಗಿಡ ನೆಡಲು ಜನ ಬೇಕು ಎಂದು ಕೇಳಿ ಸಮಿತಿಯವರು ಒಂದು ಕಾಗದ ಬರೆಯಲಿ. ಬರುವ ವಸಂತದಲ್ಲಿ ಒಂದು ಶನಿವಾರ ಕನ್ನಡ ತರಗತಿ ಅಲ್ಲೇ ನಡೆಯಲಿ. ಕೊರಿಯಾದ ರೈಲಿನ ಕತೆಯನ್ನು ಮಕ್ಕಳಿಗೆ ನಾವು ಹೇಳುತ್ತೇವೆ. ನಕ್ಷತ್ರದ ಕತೆಯನ್ನು ಆ ತಾಯಿ ಹೇಳಲು ಒಪ್ಪಿದ್ದಾರೆ. ಬರುವವರು ಊಟದ ಸಾಲಿನಲ್ಲಿ ಹೆಸರು ಕೊಡಿ. ಗುದ್ದಲಿ, ಬುತ್ತಿ ಎರಡೂ ನಿಮ್ಮವೇ.